ಮಣ್ಣಿನ ದೇವರಿಗೆ ಆಯುಷ್ಯ ಕೊಡೋರು ಯಾರು?

ಮಣ್ಣು ನೀರಲ್ಲಿ ಕರಗುತ್ತದೆ. ಇದನ್ನು ತಿಳಿಯೋಕೆ ಇಂಜಿನಿಯರಿಂಗ್ ಓದಬೇಕಿಲ್ಲ, ನವಲಗುಂದದ ಎರಿ ಹೊಲದಲ್ಲಿ ಒಂದು ಮಳೆಗಾಲ ಚಪ್ಪಲಿ ಹಾಕ್ಕೊಂಡು ನಡೆದರೆ ಸಾಕು. ಹಾಗಾದರೆ ಈ ಲೆಕ್ಕ ಬಿಡಿಸಿ ನೋಡೋಣ. ನಮ್ಮ ನವಲಗುಂದದಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು. ಇಲ್ಲಿ ಮಾಡುವ ಮಣ್ಣಿನ ದೇವರುಗಳಿಗೆ ಒಂದು ದಿನದಿಂದ ಒಂದೆರಡು ವಾರದಷ್ಟೇ ಆಯುಷ್ಯ. ದಕ್ಷಿಣ ಕನ್ನಡದಲ್ಲಿ ಬೀಳೋ ಮಳೆ ಹತ್ತಿರಹತ್ತಿರ 4,000 ಮಿಲಿಮೀಟರ್. ಅಲ್ಲಿನ ಪೊಳಲಿಯಲ್ಲಿ ಆಳೆತ್ತರಕ್ಕಿಂತ ದೊಡ್ಡದಾದ ಮಣ್ಣಿನ ದೇವಿ ಶತಮಾನಗಳಿಂದ ಕೂತಿದ್ದಾಳೆ, ಬಣ್ಣ ಸಮೇತ.

ಇದು ಹೇಗೆ? "ದೇವರ ಮಹಿಮೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡಬಹುದು. ಆದರೆ ಹಾಗೆ ಮುಗಿಸಿದರೆ ಆ ಮೂರ್ತಿಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದ ಮನುಷ್ಯರ ಕೆಲಸ ಮರೆಯಾಗುತ್ತದೆ. ಆ ಕೆಲಸ ಮರೆಯಾದಾಗ ಏನಾಗುತ್ತದೆ ಅನ್ನೋದು ನಮ್ಮೂರ ಹಳೇ ಗುಡಿಗಳನ್ನು ಒಡೆದು ಸಿಮೆಂಟಿನಲ್ಲಿ ಕಟ್ಟುವ ಇವತ್ತಿನ ಜೀರ್ಣೋದ್ಧಾರಗಳಲ್ಲಿ ಕಾಣುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮಾಡಿ ಬಿಡುವ ಮಣ್ಣು

ಮೊದಲು ನಮ್ಮ ಕಡೆಯ ಪದ್ಧತಿ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ. ಜೋಡೆತ್ತು, ಅವಕ್ಕೊಂದು ಗ್ವಾದಲಿ, ಎಲ್ಲಾ ಮಣ್ಣಲ್ಲೇ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಾಡುವ ಗುಳ್ಳವ್ವ, ಮೈತುಂಬ ಗುಲಗಂಜಿ. ಶ್ರಾವಣದಲ್ಲಿ ಪಂಚಮಿಯ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಬೇವಿನೆಲೆ ನಡುವೆ ಕೂತು, ತುಟಿಗೆ ಬೆಣ್ಣೆ ಹಚ್ಚಿಸಿಕೊಂಡು ಬರುವ ಜೋಕುಮಾರ. ಅಂಬಿಗರ, ಬಾರಿಕೇರ ಮನೆತನಗಳ ಹೆಣ್ಣುಮಕ್ಕಳು ಅವನನ್ನು ಹೊತ್ತು ಮನೆಮನೆಗೆ ಹೋಗಿ ಹಾಡಿ ಕಾಳುಕಡಿ ಪಡೆಯುತ್ತಾರೆ. ಹುಣ್ಣಿಮೆಗೆ ಅವನ ಕಥೆ ಮುಗಿಯುತ್ತದೆ.

ಗಮನಿಸಿ. ಮುಂಗಾರು ಶುರುವಾಗಿ ಹಿಂಗಾರಿಗೆ ಬರುವಷ್ಟರಲ್ಲಿ ಐದು ಮಣ್ಣಿನ ಮೂರ್ತಿಗಳು ಬಂದು ಹೋಗುತ್ತವೆ. ಯಾವುದನ್ನೂ ನಾವು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳೋಕೆ ಬರುವುದಿಲ್ಲ ಅಂತಲ್ಲ, ಇಟ್ಟುಕೊಳ್ಳೋ ಉದ್ದೇಶವೇ ಇಲ್ಲ. ಮುಂದಿನ ವರ್ಷ ಮತ್ತೆ ಮಾಡೋ ಕೈ ಇರುತ್ತದೆ ಅನ್ನೋ ಭರವಸೆ ಮೇಲೆ ಇಡೀ ಪದ್ಧತಿ ನಿಂತಿದೆ. ಇಲ್ಲಿ ಉಳಿಯುವುದು ಮೂರ್ತಿಯಲ್ಲ, ಮಾಡುವ ರೂಢಿ.

ಇನ್ನೊಂದು ಕಾರಣ ನಮ್ಮ ಮಣ್ಣಿನಲ್ಲೇ ಇದೆ. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೆಚ್ಚು. ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತ ತೆಳುಪದರಗಳು ಅದರವು. ನೀರು ಬಂದರೆ ಹಾಳೆಗಳ ನಡುವೆ ಸೇರಿ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳಲ್ಲಿ ಕೈ ತೂರುವಷ್ಟು ಬಿರುಕು ಬಿಡೋದು, ಮನೆ ಗೋಡೆಗಳು ಸೀಳೋದು ಇದರಿಂದಲೇ. ಬರೀ ಎರಿ ಮಣ್ಣಲ್ಲಿ ಆಳೆತ್ತರದ ಮೂರ್ತಿ ಮಾಡಿ ಒಣಗೋಕೆ ಬಿಟ್ಟರೆ ಅದು ಒಂದು ತಿಂಗಳಲ್ಲಿ ತನ್ನನ್ನು ತಾನೇ ಸೀಳಿಕೊಳ್ಳುತ್ತದೆ.

ಅಂದರೆ ಮಣ್ಣಿನ ಮೂರ್ತಿಯನ್ನು ಉಳಿಸಬೇಕು ಅಂದರೆ ಮೂರು ಸಮಸ್ಯೆ ಬಗೆಹರಿಸಬೇಕು. ಒಣಗುವಾಗ ಬಿರುಕು ಬಿಡಬಾರದು. ತನ್ನ ಭಾರಕ್ಕೆ ತಾನೇ ಕುಸಿಯಬಾರದು. ಕಟ್ಟಿದ ಮೇಲೆ ನೀರು ತಾಗಬಾರದು.

ಕಾಪಾಡುವ ಮಣ್ಣು

ಕರಾವಳಿಯವರು ಈ ಮೂರಕ್ಕೂ ಉತ್ತರ ಕಂಡುಕೊಂಡರು. ಹುಬ್ಬಳ್ಳಿಯಿಂದ ರಾತ್ರಿ ಬಸ್ ಹಿಡಿದು ಮಂಗಳೂರಿಗೆ ಹೋಗಿ, ಅಲ್ಲಿಂದ ಬಂಟ್ವಾಳ ತಾಲೂಕಿನ ಪೊಳಲಿಗೆ ನಾನು ಹೋಗಿದ್ದು ಆ ಉತ್ತರವನ್ನು ಕಣ್ಣಾರೆ ನೋಡೋಕೆ. ಫಲ್ಗುಣಿ ನದಿ ದಂಡೆಯ ಊರು. ತುಳುವಿನಲ್ಲಿ ಪುರಲ್. ಸುಮಾರು ಒಂದು ತಿಂಗಳು ನಡೆಯುವ ಜಾತ್ರೆಗೆ, ಜಾತ್ರೆಯ ಕೊನೆಗೆ ಆಡುವ ಪೊಳಲಿ ಚೆಂಡಿಗೆ ಹೆಸರುವಾಸಿ. ಸ್ಥಳಪುರಾಣ ಈ ದೇವಸ್ಥಾನವನ್ನು ಸುರಥ ರಾಜನ ಕಾಲಕ್ಕೆ ಒಯ್ಯುತ್ತದೆ.

ಗರ್ಭಗುಡಿಯೊಳಗೆ ದೀಪದ ಬೆಳಕಷ್ಟೇ. ಕಣ್ಣು ಹೊಂದಿಕೊಳ್ಳೋಕೆ ಒಂದು ನಿಮಿಷ ಬೇಕು. ಆಮೇಲೆ ರಾಜರಾಜೇಶ್ವರಿಯ ಮುಖ ಕಾಣುತ್ತದೆ. ಕಲ್ಲಿನ ಮೂರ್ತಿ ನೋಡಿ ರೂಢಿಯಾದವರಿಗೆ ಇದು ಬೇರೆಯೇ ಅನುಭವ. ಅಣ್ಣಿಗೇರಿಯ ಅಮೃತೇಶ್ವರದಲ್ಲಿ ಕಲ್ಲಿನ ಕೆತ್ತನೆ ನೋಡಿದರೆ ಉಳಿಯ ಚೂಪು ನೆನಪಾಗುತ್ತದೆ. ಇಲ್ಲಿ ನೆನಪಾಗೋದು ಬೆರಳು. ಕೆನ್ನೆ, ಗಲ್ಲ ಎಲ್ಲಾ ಯಾರೋ ಕೈಯಿಂದ ಸವರಿ ನಯ ಮಾಡಿದ ಹಾಗೆ. ಸುತ್ತ ಇರುವ ಸುಬ್ರಹ್ಮಣ್ಯ, ಭದ್ರಕಾಳಿ, ಗಣಪತಿಯರೂ ಮಣ್ಣಿನವರೇ.

ಹೊರಗೆ ಹೂವು ಮಾರುತ್ತಿದ್ದ ವಯಸ್ಸಾದ ಅಮ್ಮನೊಬ್ಬರು "ನೀವು ಎಲ್ಲಿಂದ ಬಂದದ್ದು?" ಅಂದರು. ನವಲಗುಂದ, ಧಾರವಾಡದ ಕಡೆ ಅಂದೆ.

"ಅಷ್ಟು ದೂರದಿಂದ ಎಂತ ಹರಕೆ?"

"ಹರಕೆ ಇಲ್ಲ ಅಮ್ಮಾ, ಮಣ್ಣಿನ ಮೂರ್ತಿ ನೋಡ್ಬೇಕಿತ್ತು."

ಅವರಿಗೆ ನಗು ಬಂತು. "ನೋಡಿ ಆಯ್ತಲ್ಲ? ಅದಕ್ಕೆ ನೀರು ಹಾಕ್ಲಿಕ್ಕೆ ಇಲ್ಲ. ಮಣ್ಣಲ್ವಾ."

ಇಂಜಿನಿಯರಿಂಗ್ ಭಾಷೆಯಲ್ಲಿ ನಾಲ್ಕು ಪುಟ ಬರೆಯಬಹುದಾದ್ದನ್ನು ಅವರು ಎರಡು ಮಾತಲ್ಲಿ ಹೇಳಿದರು. ಅಭಿಷೇಕ ಅಂದರೆ ನಮಗೆ ನೀರು, ಹಾಲು, ಮೊಸರು. ಮಣ್ಣಿನ ಮೂಲಮೂರ್ತಿ ಇರುವ ಕಡೆ ಪೂಜಾ ಪದ್ಧತಿಯೇ ಬದಲಾಗುತ್ತದೆ. ತಿರುವನಂತಪುರದ ಪದ್ಮನಾಭಸ್ವಾಮಿಯಲ್ಲೂ ಹೀಗೇ. 1686ರ ಬೆಂಕಿ ಅನಾಹುತದ ನಂತರ, 18ನೇ ಶತಮಾನದ ಮೊದಲ ಭಾಗದಲ್ಲಿ ಹೊಸದಾಗಿ ಕಟ್ಟಿದ ಆ 18 ಅಡಿ ಉದ್ದದ ಮೂಲಮೂರ್ತಿಗೆ ಅಭಿಷೇಕವಿಲ್ಲ. ಅಭಿಷೇಕ ಏನಿದ್ದರೂ ಬೇರೆ ಬಿಂಬಕ್ಕೆ. ಶಾಸ್ತ್ರದ ಹೆಸರಲ್ಲಿ ಇರೋದು ನಿಜಕ್ಕೂ ಒಂದು ಮೇಂಟೆನೆನ್ಸ್ ನಿಯಮ.

ಎಲುಬು, ನರ, ಮಾಂಸ, ಚರ್ಮ

ಈ ತಂತ್ರದ ಹೆಸರು ಕಡುಶರ್ಕರ. ಕೇರಳದ ಶ್ರೀಕುಮಾರ 16ನೇ ಶತಮಾನದಲ್ಲಿ ಬರೆದ 'ಶಿಲ್ಪರತ್ನ'ದಂಥ ಶಿಲ್ಪಗ್ರಂಥಗಳಲ್ಲಿ ಇದರ ಕ್ರಮ ಇದೆ. ಕ್ರಮ ಸರಳವಾಗಿ ಹೀಗೆ.

ಮೊದಲು ಮರದ ಹಂದರ. ಅದಕ್ಕೆ ಶೂಲ ಅನ್ನುತ್ತಾರೆ. ಇದು ಮೂರ್ತಿಯ ಎಲುಬು. ಆರ್‌ಸಿಸಿ ಕಂಬದೊಳಗಿನ ಕಬ್ಬಿಣ ಮಾಡುವ ಕೆಲಸವನ್ನು ಇದು ಮಾಡುತ್ತದೆ, ಭಾರ ಹೊರುತ್ತದೆ. ಅದರ ಮೇಲೆ ತೆಂಗಿನ ನಾರಿನ ಹಗ್ಗವನ್ನು ಸುತ್ತುತ್ತಾರೆ. ಇದು ನರನಾಡಿ. ನುಣುಪಾದ ಮರಕ್ಕೆ ಮಣ್ಣು ಹಿಡಿಯುವುದಿಲ್ಲ, ಹಗ್ಗದ ಒರಟಿಗೆ ಹಿಡಿಯುತ್ತದೆ. ಆಮೇಲೆ ಮಣ್ಣು, ಅದು ಮಾಂಸ. ಬರೀ ಮಣ್ಣಲ್ಲ. ಮರಳು, ನಾರು, ತೊಗಟೆಯ ಕಷಾಯ, ಅಂಟು, ರಾಳ ಸೇರಿಸಿ ದಿನಗಟ್ಟಲೆ ಕೊಳೆಸಿ ಹದ ಮಾಡಿದ್ದು. ಮರಳು ಕುಗ್ಗುವುದನ್ನು ತಡೆಯುತ್ತದೆ, ನಾರು ಬಿರುಕನ್ನು ಹಿಡಿದು ನಿಲ್ಲಿಸುತ್ತದೆ, ಅಂಟು ಮತ್ತು ರಾಳ ನೀರನ್ನು ದೂರ ಇಡುತ್ತವೆ. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಅದರ ಮೇಲೆ ಬಟ್ಟೆ, ಅದು ಚರ್ಮ. ಕೊನೆಗೆ ನಯವಾದ ಲೇಪ, ಬಣ್ಣ.

ಇಲ್ಲಿ ಅವಸರ ನಡೆಯುವುದಿಲ್ಲ. ಟೆಂಡರ್ ಭಾಷೆಯಲ್ಲಿ ಹೇಳೋದಾದರೆ "ಕಾಮಗಾರಿ ಪೂರ್ಣಗೊಂಡ ದಿನಾಂಕ" ಅಂತ ಒಂದು ದಿನವೇ ಇಲ್ಲ. ಪೊಳಲಿಯಲ್ಲಿ 12 ವರ್ಷಕ್ಕೊಮ್ಮೆ ಬ್ರಹ್ಮಕಲಶದ ಹೊತ್ತಿಗೆ ಮೂರ್ತಿಗೆ ಲೇಪಾಷ್ಟಗಂಧ ಹಚ್ಚುವ ರೂಢಿ ಇದೆ. ಎಂಟು ಮುಖ್ಯ ದ್ರವ್ಯಗಳ ಲೇಪ, ಬಲ್ಲವರೇ ತಯಾರಿಸಬೇಕು. 2019ರ ಮಾರ್ಚ್‌ನಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು.

ಈ 12 ವರ್ಷದ ಲೆಕ್ಕ ಸುಮ್ಮನೆ ಬಂದದ್ದಲ್ಲ ಅಂತ ನನಗನ್ನಿಸುತ್ತದೆ. ಲೇಪ ಹಚ್ಚಲು ಬಲ್ಲ ಒಬ್ಬರ ದುಡಿಮೆಯ ಕಾಲದಲ್ಲಿ ಈ ಕೆಲಸ ಎರಡು ಮೂರು ಸಲ ಬರುತ್ತದೆ. ಮೊದಲ ಸಲ ನೋಡಿ ಕಲಿಯೋದು, ಎರಡನೇ ಸಲ ಮಾಡೋದು, ಮೂರನೇ ಸಲ ಕಲಿಸೋದು. ಮಧ್ಯೆ ಒಂದು ಕೊಂಡಿ ಕಳಚಿದರೆ ಮೂರ್ತಿ ಅಲ್ಲೇ ಇರುತ್ತದೆ, ಅದನ್ನು ನೋಡಿಕೊಳ್ಳುವ ವಿದ್ಯೆ ಹೋಗಿರುತ್ತದೆ.

ಶಾಂಶಿಯ ಪುಟ್ಟ ಗುಡಿ

ಇದೇ ಲೆಕ್ಕವನ್ನು ಚೀನಾದಲ್ಲಿ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಉತ್ತರ ಚೀನಾದ ಶಾಂಶಿ ಪ್ರಾಂತ್ಯ, ಮಳೆ ಸುಮಾರು 500 ಮಿಲಿಮೀಟರ್, ನಮ್ಮ ಬಯಲುಸೀಮೆಯ ಹಾಗೆ. ಅಲ್ಲಿನ ವೂತಾಯ್ ಕೌಂಟಿಯ ಒಂದು ಹಳ್ಳಿಯಲ್ಲಿ ನಾನ್‌ಚಾನ್ ಎಂಬ ಪುಟ್ಟ ಬೌದ್ಧ ಗುಡಿ ಇದೆ. ತೊಲೆಯ ಮೇಲಿನ ಬರಹದ ಪ್ರಕಾರ ಅದರ ಮುಖ್ಯ ಮಂಟಪ ಕ್ರಿ.ಶ. 782ರದ್ದು. ಚೀನಾದಲ್ಲಿ ಉಳಿದಿರುವ, ಕಾಲ ಖಚಿತವಾಗಿ ಗೊತ್ತಿರುವ ಮರದ ಕಟ್ಟಡಗಳಲ್ಲಿ ಇದೇ ಹಳೆಯದು. ಒಳಗೆ ತಾಂಗ್ ಕಾಲದ 17 ಬಣ್ಣದ ಮಣ್ಣಿನ ಮೂರ್ತಿಗಳ ಬಳಗ. ಮಾಡಿದ ಕ್ರಮ ಕೇಳಿದರೆ ಕಡುಶರ್ಕರದ ದಾಯಾದಿ ಅನ್ನಿಸುತ್ತದೆ. ಮರದ ಹಂದರ, ಅದಕ್ಕೆ ಹುಲ್ಲಿನ ಹಗ್ಗ, ಹುಲ್ಲು ಕಲಸಿದ ಒರಟು ಮಣ್ಣು, ನಾರು ಕಲಸಿದ ನಯ ಮಣ್ಣು, ಬಿಳಿ ಲೇಪ, ಖನಿಜದ ಬಣ್ಣ.

ಕ್ರಿ.ಶ. 845ರಲ್ಲಿ ತಾಂಗ್ ಚಕ್ರವರ್ತಿ ವೂಝೊಂಗ್ ಬೌದ್ಧ ವಿಹಾರಗಳನ್ನು ಒಡೆಸಿದ. ದೊಡ್ಡ ದೊಡ್ಡ ವಿಹಾರಗಳು ನೆಲಸಮವಾದವು. ಈ ಗುಡಿ ಉಳಿಯಿತು. ದೂರದ ಹಳ್ಳಿಯ ಸಣ್ಣ ಗುಡಿಯಾಗಿದ್ದದ್ದೇ ಅದಕ್ಕೆ ರಕ್ಷಣೆ. 1953ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದು, 1961ರಲ್ಲಿ ಚೀನಾ ಸರ್ಕಾರದ ಮೊದಲ ರಾಷ್ಟ್ರೀಯ ಸಂರಕ್ಷಣಾ ಪಟ್ಟಿಗೆ ಸೇರಿತು. ಅಷ್ಟಾದರೂ 1999ರಲ್ಲಿ ಕಳ್ಳರು ನುಗ್ಗಿ ಕೆಲವು ಮೂರ್ತಿಗಳನ್ನು ಹೊತ್ತೊಯ್ದರು. ಪಟ್ಟಿಗೆ ಸೇರುವುದೇ ರಕ್ಷಣೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಅದೇ ಸೀಮೆಯ ಫೊಗುವಾಂಗ್ ಗುಡಿಯನ್ನು 1937ರಲ್ಲಿ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿ ಗುರುತಿಸಿದಾಗ, ಒಳಗಿದ್ದ ತಾಂಗ್ ಕಾಲದ ಮೂರ್ತಿಗಳಿಗೆ ಆಗಷ್ಟೇ ಹೊಸದಾಗಿ ಢಾಳು ಬಣ್ಣ ಬಳಿಯಲಾಗಿತ್ತು. ಬಳಿದವರು ಭಕ್ತಿಯಿಂದಲೇ ಬಳಿದಿರಬೇಕು. ನಮ್ಮೂರ ಗುಡಿಗೆ ಜಾತ್ರೆಗೊಮ್ಮೆ ಆಯಿಲ್ ಪೇಂಟ್ ಹೊಡೆಯೋರೂ ಭಕ್ತಿಯಿಂದಲೇ ಹೊಡೆಯೋದು.

'ಬ್ಲ್ಯಾಕ್ ಮಿತ್: ವುಕಾಂಗ್' ಆಡಿದವರಿಗೆ ಶಾಂಶಿ ಹೊಸದಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಆ ಗೇಮ್‌ಗಾಗಿ ಚಿತ್ರೀಕರಿಸಿದ 36 ತಾಣಗಳಲ್ಲಿ 27 ಶಾಂಶಿಯವು. ಯಾರೂ ಹೋಗದ ಹಳ್ಳಿ ಗುಡಿಗಳ ಮುಂದೆ ಜನ ಸಾಲುಗಟ್ಟಿದರು. ಒಳ್ಳೆಯದೇ. ಆದರೆ ಅದಕ್ಕೂ ಮೂರು ವರ್ಷ ಮೊದಲು, 2021ರ ಅಕ್ಟೋಬರ್‌ನಲ್ಲಿ, ಇದೇ ಪ್ರಾಂತ್ಯದಲ್ಲಿ ಎಂದೂ ಕಾಣದ ಮಳೆ ಬಿದ್ದು 1,700ಕ್ಕೂ ಹೆಚ್ಚು ಪ್ರಾಚೀನ ತಾಣಗಳಿಗೆ ಹಾನಿಯಾಯಿತು. ಒಣಹವೆಯೇ ಕಾಪಾಡಿಕೊಂಡು ಬಂದಿದ್ದ ಮಣ್ಣಿಗೆ ಒಣಹವೆಯೇ ಕೈಕೊಟ್ಟರೆ ಏನು ಗತಿ? ಹವಾಮಾನ ಬದಲಾವಣೆ ಅಂದರೆ ಬರೀ ಬೆಳೆ ಪರಿಹಾರದ ವಿಷಯ ಅಂದುಕೊಂಡವರು ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಲೋಹ ತಂದವರು, ಮತ್ತೆ ಮಣ್ಣು ಬಯಸಿದವರು

ನಮ್ಮ ನೆಲಕ್ಕೆ ವಾಪಸ್ ಬರೋಣ. ಕಾಸರಗೋಡಿನ ಕುಂಬಳೆ ಹತ್ತಿರ ಅನಂತಪುರದ ಕೆರೆ ದೇವಸ್ಥಾನ ಇದೆ. ಬಬಿಯಾ ಎಂಬ ಮೊಸಳೆಯಿಂದ ನಿಮಗೆ ಗೊತ್ತಿರಬಹುದು, 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಎಲ್ಲಾ ಕಡೆ ಸುದ್ದಿಯಾಗಿತ್ತು. ಸುತ್ತ ನೀರು, ನಡುವೆ ಗುಡಿ, ಗುಡಿಯೊಳಗೆ ಮಣ್ಣು! ಅಲ್ಲಿನ ಮೂಲ ಮೂರ್ತಿಗಳು ಕಡುಶರ್ಕರದವು, ಎಪ್ಪತ್ತಕ್ಕೂ ಹೆಚ್ಚು ವಸ್ತುಗಳ ಪಾಕ ಅನ್ನುತ್ತಾರೆ. 1972ರಲ್ಲಿ ಅವುಗಳ ಜಾಗಕ್ಕೆ ಪಂಚಲೋಹದ ಮೂರ್ತಿಗಳು ಬಂದವು. ಲೋಹಕ್ಕೆ ಬಿರುಕಿಲ್ಲ, ಲೇಪ ಬೇಡ, ಅಭಿಷೇಕಕ್ಕೂ ಅಡ್ಡಿಯಿಲ್ಲ. ಲೆಕ್ಕಾಚಾರದಲ್ಲಿ ಇದೇ ಸರಿ. ಆದರೆ ಆಮೇಲೆ ಮತ್ತೆ ಕಡುಶರ್ಕರದ ಮೂರ್ತಿಗಳೇ ಬೇಕು ಎಂಬ ಪ್ರಯತ್ನ ಶುರುವಾಯಿತು.

ಯಾಕೆ? ಮೂರ್ತಿಯ ಜೊತೆ ಒಂದು ಇಡೀ ವ್ಯವಸ್ಥೆ ಹೋಗಿರುತ್ತದೆ. ಮಣ್ಣು ತರುವವರು, ಕಷಾಯ ಮಾಡುವವರು, ಲೇಪ ಬಲ್ಲವರು, ಬಣ್ಣ ಅರೆಯುವವರು. ಗಟ್ಟಿ ವಸ್ತು ಬಂದಾಗ ಇವರಾರೂ ಬೇಡವಾಗುತ್ತಾರೆ. ತಿರುಗಿ ಬೇಕು ಅಂದಾಗ ಹುಡುಕಬೇಕಾಗುತ್ತದೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಈ ವಿದ್ಯೆ ಕಳೆದುಹೋಗೋಕೆ ಗಟ್ಟಿ ವಸ್ತುವಷ್ಟೇ ಕಾರಣ ಅಲ್ಲ, ಬಿಗಿ ಬಾಗಿಲೂ ಕಾರಣ. ಕಡುಶರ್ಕರದ ವಿದ್ಯೆ ಕೆಲವೇ ಮನೆತನಗಳ, ಕೆಲವೇ ಗುರುಪರಂಪರೆಗಳ ಒಳಗೆ ಉಳಿಯಿತು. ಅತ್ತ ಜೋಕುಮಾರನನ್ನು ಮಾಡುವ, ಹೊರುವ ಕೈಗಳ ವಿದ್ಯೆಯನ್ನು ವಿದ್ಯೆ ಅಂತ ಯಾರೂ ಕರೆಯಲೇ ಇಲ್ಲ. ಒಂದನ್ನು ಪವಿತ್ರ ಅಂತ ಮುಚ್ಚಿಟ್ಟೆವು, ಇನ್ನೊಂದನ್ನು ಕೀಳು ಅಂತ ಬಿಟ್ಟೆವು. ಎರಡರ ಫಲಿತಾಂಶ ಒಂದೇ. ನವಲಗುಂದದ ಜಮಖಾನದ ಕಥೆಯೂ ಇದಕ್ಕೆ ಹತ್ತಿರದ್ದೇ. ಜಿಐ ಟ್ಯಾಗ್ ಬಂತು, ಮಗ್ಗದ ಮುಂದೆ ಕೂರುವ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಾದರು.

ಉದ್ಘಾಟನೆಗೆ ದುಡ್ಡಿದೆ, ನಿರ್ವಹಣೆಗೆ ಇಲ್ಲ

ಈಗ ಸರ್ಕಾರದ ವಿಷಯ. ಕರ್ನಾಟಕದಲ್ಲಿ ಮುಜರಾಯಿ ಇಲಾಖೆಯ ಅಡಿ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಬಹುಪಾಲು 'ಸಿ' ದರ್ಜೆ, ಅಂದರೆ ವರ್ಷದ ಆದಾಯ 5 ಲಕ್ಷ ರೂಪಾಯಿಯೂ ದಾಟದ ಹಳ್ಳಿ ಗುಡಿಗಳು. 2024ರ ಫೆಬ್ರುವರಿಯ ತಿದ್ದುಪಡಿ ಮಸೂದೆ ನಿಮಗೆ ನೆನಪಿರಬಹುದು. ಕೋಟಿ ಮೀರಿದ ಆದಾಯದ ದೇವಸ್ಥಾನಗಳಿಂದ ಶೇ. 10, ಹತ್ತು ಲಕ್ಷದಿಂದ ಕೋಟಿವರೆಗಿನವುಗಳಿಂದ ಶೇ. 5 ಸಾಮಾನ್ಯ ನಿಧಿಗೆ. ಮೇಲ್ಮನೆಯಲ್ಲಿ ಒಮ್ಮೆ ಬಿದ್ದು, ಮತ್ತೆ ಮಂಡನೆಯಾಗಿ, ವಾರಗಟ್ಟಲೆ ಟಿವಿಯಲ್ಲಿ ಜಗಳವಾಯಿತು. ಜಗಳ ಪೂರ್ತಿ ದುಡ್ಡು ಯಾರದ್ದು, ಯಾರಿಗೆ ಹೋಗುತ್ತದೆ ಅನ್ನೋದರ ಮೇಲೆ. ಸಣ್ಣ ಗುಡಿಗೆ ಆ ದುಡ್ಡು ಬಂದರೆ ಅದರಲ್ಲಿ ಏನು ಮಾಡುತ್ತಾರೆ ಅನ್ನೋ ಪ್ರಶ್ನೆ ಮೂಲೆಗೆ ಬಿತ್ತು.

ಏನು ಮಾಡುತ್ತಾರೆ ಅನ್ನೋದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಹಳೇ ಗೋಡೆ ಕೆಡವಿ ಸಿಮೆಂಟ್, ನೆಲಕ್ಕೆ ಟೈಲ್ಸ್, ಮುಂದೆ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು. ಮಣ್ಣು ಗಾರೆಯ ಮೇಲೆ ಸಿಮೆಂಟ್ ಬಳಿಯೋದು ತಾಂತ್ರಿಕವಾಗಿಯೂ ತಪ್ಪು. ಮಣ್ಣು ಉಸಿರಾಡುತ್ತದೆ, ತೇವ ಎಳೆದು ಬಿಡುತ್ತದೆ. ಸಿಮೆಂಟ್, ಆಯಿಲ್ ಪೇಂಟ್ ಆ ತೇವವನ್ನು ಒಳಗೇ ಕೂಡಿಹಾಕುತ್ತವೆ. ಕೆಲ ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತದೆ, ಏಳುವಾಗ ಒಳಗಿನ ಹಳೇ ಪದರವನ್ನೂ ಕಿತ್ತುಕೊಂಡೇ ಏಳುತ್ತದೆ.

ಇದು ಗುಡಿಗಳ ಕಥೆ ಮಾತ್ರ ಅಲ್ಲ. ನವಲಗುಂದದವರಿಗೆ ಇದು ಚೆನ್ನಾಗಿ ಗೊತ್ತು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು, ಕಾಲುವೆ ತೋಡಿದರು. ಕೊನೆಯ ಹೊಲಕ್ಕೆ ನೀರು ಬಂತಾ ಅಂತ ನೋಡದೆ ಅಭಿವೃದ್ಧಿ ಕರದ ನೋಟಿಸ್ ಕಳಿಸಿದರು. 1980ರ ಜುಲೈ 21ರಂದು ಇಲ್ಲಿ ಗೋಲಿಬಾರ್ ಆಗಿದ್ದು ಆ ಸಿಟ್ಟಿನ ಹಿನ್ನೆಲೆಯಲ್ಲೇ. ಕಟ್ಟುವುದು ಸರ್ಕಾರಕ್ಕೆ ಸುದ್ದಿ, ನೋಡಿಕೊಳ್ಳುವುದು ಯಾರಿಗೂ ಸುದ್ದಿಯಲ್ಲ. ಕಾಲುವೆಯ ಹೂಳು ತೆಗೆಯೋದಕ್ಕೆ ರಿಬ್ಬನ್ ಕತ್ತರಿಸೋ ಸಮಾರಂಭ ಇರುವುದಿಲ್ಲ. ಮೂರ್ತಿಗೆ ಲೇಪ ಹಚ್ಚುವವರ ಹೆಸರು ಗ್ರಾನೈಟ್ ಕಲ್ಲಿನ ಮೇಲೆ ಬರುವುದಿಲ್ಲ.

ಸಂರಕ್ಷಣೆಯ ಕಾನೂನೂ ಕಲ್ಲಿನ ತಲೆಯಲ್ಲೇ ಯೋಚಿಸುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇರುವುದನ್ನು ಇದ್ದ ಹಾಗೇ ಕಾಪಾಡಲು ಬಂದದ್ದು. 2010ರ ತಿದ್ದುಪಡಿ ಸುತ್ತ 100 ಮೀಟರ್ ನಿಷೇಧಿತ ವಲಯ ಮಾಡಿತು. ಅಮೃತೇಶ್ವರಕ್ಕೆ ಇದು ಬೇಕು. ಆದರೆ ಆಗಾಗ ಹೊಸ ಪದರ ಹಚ್ಚಿಸಿಕೊಂಡೇ ಹಳೆಯದಾಗುವ ಮಣ್ಣಿನ ಮೂರ್ತಿಯನ್ನು ಈ ಕಣ್ಣಲ್ಲಿ ನೋಡಿದರೆ "ಇದರಲ್ಲಿ ಅಸಲಿ ಎಷ್ಟು?" ಎಂಬ ಪ್ರಶ್ನೆ ಏಳುತ್ತದೆ. 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು ಇದಕ್ಕೆ ದಾರಿ ತೋರಿದ್ದಾರೆ. ಅಸಲಿತನವನ್ನು ಆಯಾ ಸಂಸ್ಕೃತಿಯ ಒಳಗಿಂದಲೇ ಅಳೆಯಬೇಕು, ವಸ್ತುವಿನ ಜೊತೆ ಪರಂಪರೆ ಮತ್ತು ತಂತ್ರವನ್ನೂ ಲೆಕ್ಕಕ್ಕೆ ತಗೋಬೇಕು ಅಂತ. ಆ ಅಳತೆಯಲ್ಲಿ ಪೊಳಲಿಯ ದೇವಿಯೂ ಅಸಲಿ, ಪ್ರತಿ ವರ್ಷ ಹೊಸದಾಗಿ ಹುಟ್ಟುವ ನಮ್ಮ ಜೋಕುಮಾರನೂ ಅಸಲಿ.

ಹಾಗಾದರೆ ಏನು ಕೇಳಬೇಕು? ನನ್ನ ಮಟ್ಟಿಗೆ ಮೂರು ಸಣ್ಣ ಬೇಡಿಕೆ. ಒಂದು, ಜೀರ್ಣೋದ್ಧಾರಕ್ಕೆ ಕೊಡುವ ಅನುದಾನದಲ್ಲಿ ಒಂದು ಪಾಲನ್ನು ವರ್ಷವರ್ಷದ ನಿರ್ವಹಣೆಗೆ ಮೀಸಲಿಡಬೇಕು, ಹಳೇ ಗೋಡೆ ಕೆಡವುವ ಮುನ್ನ ಮಣ್ಣು ಗಾರೆ ಬಲ್ಲ ಒಬ್ಬರ ವರದಿ ಕಡ್ಡಾಯವಾಗಬೇಕು. ಎರಡು, ಕಡುಶರ್ಕರದಿಂದ ಜೋಕುಮಾರನವರೆಗಿನ ಮಣ್ಣಿನ ಕೆಲಸವನ್ನು ಶಿಲ್ಪಕಲಾ ಅಕಾಡೆಮಿಯಂಥ ಸಂಸ್ಥೆಗಳು ದಾಖಲಿಸಿ, ಜಾತಿ ಕೇಳದೆ ಕಲಿಸಬೇಕು. ಮೂರು, ಪಿಒಪಿ ಗಣಪತಿ ಬೇಡ, ಮಣ್ಣಿನದೇ ಬೇಕು ಅಂತ 2020ರ ಮೇ ತಿಂಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರ್ಗಸೂಚಿ ಹೊರಡಿಸಿತಲ್ಲ, ಹಾಗಿದ್ದರೆ ಆ ಮಣ್ಣನ್ನು ಕುಂಬಾರರು ಕೆರೆಯಂಗಳದಿಂದ ತರೋಕೆ ಅಡ್ಡಿ ಇರಬಾರದು.

ಇದರಲ್ಲಿ ಯಾವುದೂ ಕೋಟಿಗಟ್ಟಲೆ ಬೇಡುವ ಯೋಜನೆ ಅಲ್ಲ. ಮುಂದಿನ ಸಲ ನಿಮ್ಮೂರಲ್ಲಿ ಗುಡಿ ಜೀರ್ಣೋದ್ಧಾರದ ಪಟ್ಟಿ ಹಿಡಿದು ಯಾರಾದರೂ ಮನೆ ಬಾಗಿಲಿಗೆ ಬಂದರೆ ದೇಣಿಗೆ ಕೊಡಿ, ಬೇಡ ಅನ್ನಬೇಡಿ. ಆದರೆ ರಸೀದಿ ಹರಿಯುವ ಮುಂಚೆ ಕೇಳಿ: "ಕಟ್ಟಿದ ಮ್ಯಾಲೆ ಇದನ್ನ ನೋಡ್ಕೊಳ್ಳೋರು ಯಾರ್ರೀ? ಅವರಿಗೆ ಪಗಾರ ಎಷ್ಟು?"